ಏಕಪಾತ್ರಾಭಿನಯವೂ ಶಿವಕಥಾಕೀರ್ತನವೂ



ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಮಠದ ಅಂಗಳಕ್ಕೂ ಭಕ್ತಸಮೂಹಕ್ಕೂ ಚಿರಪರಿಚಿತವಾಗಿದ್ದರೂ ಇತಿಹಾಸದೃಷ್ಟಿಯಿಂದ ಅಷ್ಟಾಗಿ ವಿಚಾರಕ್ಕೆ ಬಾರದಿರುವ ಒಂದು ಕಲೆಯನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸುವುದು ಉಚಿತವೆಂದು ತೋರಿತು. ಒಬ್ಬನೇ ಸಭೆಯ ಮುಂದೆ ನಿಂತು, ಬೇರೆ ನಟರಾರ ನೆರವೂ ಇಲ್ಲದೆ, ತಾನೇ ಅರಸನಾಗಿ ತಾನೇ ಆಳಾಗಿ, ತಾನೇ ಗುರುವಾಗಿ ತಾನೇ ಶಿಷ್ಯನಾಗಿ, ಕಥೆಯೊಂದನ್ನು ಆದಿಯಿಂದ ಅಂತ್ಯದವರೆಗೆ ನಡೆಸುವ ಕಲೆಯೇ ಅದು. ಈಗಿನವರು ಇದನ್ನು ಏಕಪಾತ್ರಾಭಿನಯವೆಂದೂ ಏಕವ್ಯಕ್ತಿ ರಂಗಪ್ರಯೋಗವೆಂದೂ ಕರೆಯುತ್ತಾರೆ. ಹೆಸರು ಹೊಸದಾದರೂ ವಸ್ತುವು ಪ್ರಾಚೀನವಾದುದು. ನಮ್ಮ ಶಿವಕಥಾಕೀರ್ತನವೂ ಇದೇ ವರ್ಗಕ್ಕೆ ಸೇರತಕ್ಕದ್ದು. ಈ ಕಲೆಯ ಪ್ರಯೋಜನವೇನು, ಇದರಿಂದ ಲೋಕಕ್ಕಾದ ಉಪಕಾರವೇನು, ಮಠಗಳಿಗೂ ಕಥೆ ಹೇಳುವವನಿಗೂ ಇರುವ ಸಂಬಂಧವೆಂತಹುದು ಎಂಬ ಮೂರು ಅಂಶಗಳನ್ನು ಯಥಾಮತಿಯಾಗಿ ವಿವೇಚಿಸುವೆನು.

೧. ಪ್ರಾಚೀನರ ಅಭಿಪ್ರಾಯ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ರೂಪಕಗಳನ್ನು ಹತ್ತು ವಿಧವಾಗಿ ವಿಂಗಡಿಸಿರುವನಷ್ಟೆ. ಅವುಗಳಲ್ಲಿ ಭಾಣವೆಂಬುದು ಒಂದು. ಇದರಲ್ಲಿ ಅಂಕವೂ ಒಂದೇ, ಪಾತ್ರವೂ ಒಂದೇ. ರಂಗದ ಮೇಲೆ ನಿಂತ ವಿಟನು ಬೀದಿಯಲ್ಲಿ ಎದುರಾದವರೊಡನೆ ಸಂಭಾಷಿಸುವಂತೆ ನಟಿಸುತ್ತಾನೆ. ಎದುರಿಗೆ ಯಾರೂ ಇರುವುದಿಲ್ಲ. 'ಏನೆನ್ನುವೆ?' ಎಂದು ಕೇಳಿ, ಆ ಅದೃಶ್ಯನ ಉತ್ತರವನ್ನು ತಾನೇ ಪುನರುಚ್ಚರಿಸಿ, ಅದಕ್ಕೆ ಪ್ರತ್ಯುತ್ತರವನ್ನು ಕೊಡುತ್ತಾನೆ. ಶಾಸ್ತ್ರಕಾರರು ಈ ಕ್ರಮಕ್ಕೆ ಆಕಾಶಭಾಷಿತವೆಂದು ಹೆಸರಿಟ್ಟರು. ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕ ಇವರ ಹೆಸರಿನಲ್ಲಿರುವ ನಾಲ್ಕು ಪ್ರಾಚೀನ ಭಾಣಗಳು ೧೯೨೨ರಲ್ಲಿ ಚತುರ್ಭಾಣಿಯೆಂಬ ಹೆಸರಿನಿಂದ ಮುದ್ರಿತವಾದುವು. ನಗರದ ಡಾಂಭಿಕರ ಕಪಟವನ್ನು ನಗೆಯ ಮೂಲಕ ಬಯಲಿಗೆಳೆಯುವುದೇ ಅವುಗಳ ಮುಖ್ಯ ಪ್ರಯೋಜನವಾಗಿದ್ದಿತು. ಆದರೆ ಸಂಸ್ಕೃತ ಪ್ರಾಕೃತಗಳನ್ನು ಬಲ್ಲ ನಾಗರಿಕರ ಗೋಷ್ಠಿಯನ್ನು ಬಿಟ್ಟು ಭಾಣವು ಹಳ್ಳಿಯ ಜಗುಲಿಗೆ ಬರಲಿಲ್ಲ.

ಜನಸಾಮಾನ್ಯರ ನಡುವೆ ಕಥೆ ಹೇಳುತ್ತಿದ್ದವರು ಬೇರೆಯೇ ಇದ್ದರು. ವ್ಯಾಕರಣ ಮಹಾಭಾಷ್ಯವನ್ನು ಪಾಠ ಮಾಡಿದವರಿಗೆ ಗ್ರಂಥಿಕರೆಂಬವರ ಪ್ರಸ್ತಾಪವು ನೆನಪಿಗೆ ಬಂದೇ ಬರುವುದು. ಕ್ರಿಸ್ತಪೂರ್ವ ಎರಡನೆಯ ಶತಮಾನದವನೆಂದು ವಿದ್ವಾಂಸರು ಹೇಳುವ ಪತಂಜಲಿಯು ಪ್ರೇರಣಾರ್ಥಕ ಕ್ರಿಯಾಪದಗಳ ಚರ್ಚೆಯಲ್ಲಿ ಒಂದು ಸಂದೇಹವನ್ನು ಎತ್ತುತ್ತಾನೆ. ಕಂಸನು ಹತನಾಗಿ ಎಷ್ಟೋ ಕಾಲವಾಯಿತು. ಹೀಗಿರಲು, ಕಥೆ ಹೇಳುವವನು ಕಂಸನನ್ನು ಈಗ ಕೊಲ್ಲಿಸುತ್ತಾನೆಂದು ವರ್ತಮಾನಕಾಲದಲ್ಲಿ ಪ್ರಯೋಗಿಸುವುದು ಹೇಗೆ ಯುಕ್ತವಾಗುತ್ತದೆ? ಇದಕ್ಕೆ ಅವನು ಕೊಡುವ ಸಮಾಧಾನವು ರಮ್ಯವಾಗಿದೆ. ಗ್ರಂಥಿಕರು ಕೇವಲ ಮಾತಿನಿಂದಲೇ ಆ ಸಂಗತಿಗಳನ್ನು ಕೇಳುವವರ ಬುದ್ಧಿಯಲ್ಲಿ ಈಗಲೇ ನಡೆಯುವಂತೆ ಮಾಡುತ್ತಾರೆ. ಕೇಳುವವರಲ್ಲಿ ಕೆಲವರು ಕಂಸನ ಪಕ್ಷ, ಕೆಲವರು ವಾಸುದೇವನ ಪಕ್ಷ. ಅವರ ಮುಖದ ಬಣ್ಣವು ಸಹ ಬದಲಾಗುತ್ತದೆ. ವ್ಯಾಕರಣದ ಒಂದು ಸಣ್ಣ ಸಂದೇಹವನ್ನು ಪರಿಹರಿಸಹೊರಟ ಆಚಾರ್ಯನು ಕಥನಕಲೆಯ ಮರ್ಮವನ್ನೇ ಹೇಳಿಬಿಟ್ಟಿದ್ದಾನೆ. ಭೂತಕಾಲವನ್ನು ವರ್ತಮಾನವನ್ನಾಗಿ ಮಾಡುವುದು, ಕೇಳುವವನು ಒಂದು ಪಕ್ಷವನ್ನು ಹಿಡಿದು ನಿಲ್ಲುವಂತೆ ಮಾಡುವುದು: ಇವೆರಡೇ ಈ ಕಲೆಯ ಸಾಮರ್ಥ್ಯ.

ಬಾಣಭಟ್ಟನ ಹರ್ಷಚರಿತದಲ್ಲಿ ಯಮನ ಚಿತ್ರಪಟವನ್ನು ತೂಗುಹಾಕಿ, ಕೋಲಿನಿಂದ ತೋರಿಸುತ್ತ, ಪರಲೋಕದ ವೃತ್ತಾಂತವನ್ನು ಅಂಗಡಿಬೀದಿಯಲ್ಲಿ ಮಕ್ಕಳ ಗುಂಪಿಗೆ ಹೇಳುತ್ತಿದ್ದ ಒಬ್ಬ ಯಮಪಟ್ಟಿಕನ ವರ್ಣನೆಯಿದೆ. ಏಳನೆಯ ಶತಮಾನದಲ್ಲಿಯೂ ಇಂತಹ ಒಂಟಿ ಕಥೆಗಾರರು ಬೀದಿಬೀದಿಗಳಲ್ಲಿ ಇದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಅವರಿಗೆ ಸಮಾಜದಲ್ಲಿದ್ದ ಸ್ಥಾನವೆಂತಹುದು? ಈ ಪ್ರಶ್ನೆಗೆ ಕನ್ನಡನಾಡಿನ ಒಂದು ಶಾಸನವು ಉತ್ತರ ಕೊಡುತ್ತದೆ.

೨. ಕೋಡಿಯಮಠದ ಪಂಕ್ತಿ

ಶಿವಮೊಗ್ಗೆ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವೆಂಬ ಕಾಳಾಮುಖ ಶೈವರ ಮಠವಿದ್ದಿತು. ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ಸಾಂಗವಾದ ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಅಷ್ಟಾದಶಪುರಾಣಗಳು, ಕಾವ್ಯ ನಾಟಕಗಳು ಇವೆಲ್ಲವೂ ಅಲ್ಲಿ ಅಧ್ಯಯನಕ್ಕೆ ವಿಷಯಗಳಾಗಿದ್ದುವು. ರೋಗಿಗಳಿಗೆ ಔಷಧೋಪಚಾರವೂ, ಭಯಗೊಂಡವರಿಗೆ ಅಭಯವೂ ದೊರೆಯುತ್ತಿದ್ದುವು. ಅನ್ನದಾನಕ್ಕೆ ಅದು ನಿತ್ಯಸ್ಥಾನವಾಗಿದ್ದಿತು.

ಆ ಅನ್ನದ ಪಂಕ್ತಿಯಲ್ಲಿ ಕುಳಿತವರು ಯಾರು ಯಾರೆಂಬುದನ್ನು ಶಾಸನಕವಿಯು ಎಣಿಸಿ ಹೇಳಿದ್ದಾನೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಅವರ ಬೆನ್ನಿಗೇ ಕಥಕರು, ಗಾಯಕರು, ವಾದಕರು, ನರ್ತಕರು, ವೈತಾಳಿಕರು. ಈ ಅನುಕ್ರಮವು ವಿಚಾರಾರ್ಹವಾಗಿದೆ. ಮಠವು ಕಥಕನಿಗೆ ಅನ್ನವಿಕ್ಕಿತೆಂಬುದು ನಿಜವಾಗಿಯೂ ಶ್ಲಾಘ್ಯವಾದುದು. ಕಲೆಗೆ ಮಠವು ಆಶ್ರಯವಾದುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವನ್ನು ಬಹು ದೂರ ಹುಡುಕಬೇಕಾಗಿಲ್ಲ. ಆದರೆ ಪುರಾಣ ಕಾವ್ಯ ನಾಟಕಗಳನ್ನು ಓದುವವರು ಒಳಗಿನ ಪಾಠಶಾಲೆಯಲ್ಲಿದ್ದರೆ, ಅವುಗಳನ್ನು ಜನಕ್ಕೆ ಹೇಳುವವನು ಅಂಗಹೀನರ ಪಕ್ಕದಲ್ಲಿ ಎಲೆ ಹಾಕಿಕೊಂಡು ಕುಳಿತಿದ್ದನು. ಅವನು ದಯೆಗೆ ಪಾತ್ರನಾಗಿದ್ದನೇ ಹೊರತು ಗೌರವಕ್ಕೆ ಪಾತ್ರನಾಗಿರಲಿಲ್ಲವೆಂದು ಊಹಿಸಬಹುದು. ಈ ಪಂಕ್ತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ವಿಚಾರವೆಲ್ಲ ಕಥಕನು ಈ ಪಂಕ್ತಿಯಿಂದ ಎದ್ದು ಆಸನಕ್ಕೆ ಬಂದ ವೃತ್ತಾಂತವೇ ಆಗಿದೆ.

೩. ಶರಣರು ಕೊಟ್ಟ ಆಸನ

ಅದೇ ಬಿಜ್ಜಳನ ಕಾಲದಲ್ಲಿ ಕಲ್ಯಾಣದಲ್ಲಿ ಬೇರೊಂದು ಕಾರ್ಯವು ನಡೆಯುತ್ತಿದ್ದಿತು. ಬಸವಣ್ಣನವರು ಕಾಯಕಕ್ಕೆ ಕೊಟ್ಟ ಮಹತ್ತ್ವವನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. ನೇಯುವವನ, ದೋಣಿ ನಡೆಸುವವನ, ಪಾದರಕ್ಷೆ ಮಾಡುವವನ ವೃತ್ತಿಗಳು ಶಿವಪೂಜೆಗೆ ಸಮಾನವಾದಾಗ, ವೇಷಗಾರನ ವೃತ್ತಿಯೂ ಹಾಗೆಯೇ ಆಯಿತು. ಬಹುರೂಪಿ ಚೌಡಯ್ಯನವರು ಈ ವಿಷಯದಲ್ಲಿ ನಮಗೆ ಪ್ರಥಮಸ್ಮರಣೀಯರು. ಒಬ್ಬನೇ ಹಲವು ವೇಷಗಳನ್ನು ಧರಿಸಿ ಊರವರ ಮುಂದೆ ಪ್ರದರ್ಶಿಸುವುದು ಅವರ ಕಾಯಕ. ಅದರಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಅವರ ವ್ರತ. 'ರೇಕಣ್ಣಪ್ರಿಯ ನಾಗಿನಾಥ' ಎಂಬ ಅಂಕಿತದಲ್ಲಿ ಅವರ ವಚನಗಳು ಇಂದಿಗೂ ಉಳಿದಿವೆ. ಹಾಗೆಯೇ ಜನರನ್ನು ನಗಿಸುವುದನ್ನೇ ಕಾಯಕವಾಗಿ ಕೈಕೊಂಡ ನಗೆಯ ಮಾರಿತಂದೆಗಳೂ ವಚನಕಾರರ ಗಣದಲ್ಲಿ ಸೇರಿದ್ದಾರೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಕೊಡುವ ಕೈಗೂ ಕೊಳ್ಳುವ ಕೈಗೂ ಸ್ಥಾನಪಲ್ಲಟವಾಯಿತು. ಕೋಡಿಯಮಠದಲ್ಲಿ ಕಥಕನು ಅನ್ನವನ್ನು ಪಡೆಯುವವನು. ಕಲ್ಯಾಣದಲ್ಲಿ ಬಹುರೂಪಿಯು ದಾಸೋಹಕ್ಕೆ ಅನ್ನವನ್ನು ಕೊಡುವವನು. ಎರಡನೆಯದಾಗಿ, ಇತರರ ಮಾತುಗಳನ್ನು ಆಡಿ ತೋರಿಸುತ್ತಿದ್ದ ನಟನು ತನ್ನ ಸ್ವಂತ ಅನುಭಾವವನ್ನು ತನ್ನ ಮಾತಿನಲ್ಲಿಯೇ ನುಡಿದನು. ವೇಷಗಳನ್ನು ಹಾಕಿ ಕಳಚುವುದರಲ್ಲಿಯೇ ಆಯುಷ್ಯವನ್ನು ಕಳೆದವನಿಗೆ, ಹಾಕಲೂ ಕಳಚಲೂ ಬಾರದ ಒಂದು ನಿಜವು ಒಳಗಿದೆಯೆಂಬ ಅರಿವು ಉಂಟಾಗುವುದು ಸಹಜವಾದುದು. ಹಲವರಾಗಿ ತೋರುವವನು ತನ್ನ 'ನಾನು' ಎಂಬುದನ್ನು ಬದಿಗಿಡಬೇಕಾಗುತ್ತದೆ. ಅಹಂಕಾರವು ಉಳಿದರೆ ಎಲ್ಲ ವೇಷಗಳಲ್ಲಿಯೂ ಅವನೇ ಕಾಣುತ್ತಾನೆ. ಅಳಿದರೆ ವೇಷವೇ ಜೀವಂತವಾಗುತ್ತದೆ. ಆದಕಾರಣ ಈ ಕಲೆಯು ನೋಡುವವರಿಗೆ ಉಪದೇಶವಾದಂತೆಯೇ ಮಾಡುವವನಿಗೆ ಸಾಧನೆಯೂ ಆಗಬಲ್ಲುದು.

ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ರಚಿಸಿದ ಪಂಡಿತಾರಾಧ್ಯಚರಿತ್ರೆಯ ಪರ್ವತಪ್ರಕರಣದಲ್ಲಿ, ಶಿವರಾತ್ರಿಗೆ ಶ್ರೀಶೈಲವನ್ನು ಏರಿದ ಭಕ್ತರ ಮುಂದೆ ನಡೆದ ಹಾಡು, ಕುಣಿತ, ಬಹುರೂಪ, ಬೊಂಬೆಯಾಟಗಳ ವಿಸ್ತಾರವಾದ ವರ್ಣನೆಯುಂಟು. ಶಿವಕಥೆಗಳು ಗ್ರಂಥಸ್ಥವಾಗುತ್ತಿದ್ದಾಗಲೇ ಅವು ಜಾತ್ರೆಯ ಜನರ ಕಣ್ಣುಕಿವಿಗಳಿಗೆ ರಂಗದ ಮೂಲಕವೂ ಮುಟ್ಟುತ್ತಿದ್ದುವೆಂಬುದಕ್ಕೆ ಇದು ಪ್ರಮಾಣವಾಗಿದೆ.

೪. ಪುರಾಣದಿಂದ ಕೀರ್ತನದವರೆಗೆ

ಶರಣರ ಚರಿತ್ರೆಗಳನ್ನು ಮುಂದಿನ ಪೀಳಿಗೆಗಳಿಗೆ ಸಾಗಿಸಿದವರು ಕವಿಗಳು ಎಷ್ಟೋ, ಪುರಾಣಿಕರೂ ಅಷ್ಟೇ. ಹರಿಹರನ ರಗಳೆಗಳು, ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಬಸವಪುರಾಣ, ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆ, ವಿರೂಪಾಕ್ಷಪಂಡಿತನ ೧೫೮೪ರ ಚೆನ್ನಬಸವಪುರಾಣ ಇವು ಏಕಾಂತದಲ್ಲಿ ಮೌನವಾಗಿ ಓದಲೆಂದು ಹುಟ್ಟಿದ ಗ್ರಂಥಗಳಲ್ಲ. ಷಟ್ಪದಿಯ ನಡೆಯೇ ಬಾಯಿತುಂಬ ಹಾಡುವುದಕ್ಕೆ ತಕ್ಕುದಾಗಿದೆ. ಶ್ರಾವಣಮಾಸದಲ್ಲಿ ಮಠದ ಅಂಗಳದಲ್ಲಿ ಒಬ್ಬರು ಪದ್ಯವನ್ನು ಹಾಡಲು, ಶಾಸ್ತ್ರಿಗಳು ಅರ್ಥವನ್ನು ಹೇಳುತ್ತ ಹೋಗುವುದು, ಕಡೆಯ ದಿನ ಗ್ರಂಥವನ್ನು ಪಲ್ಲಕ್ಕಿಯಲ್ಲಿಟ್ಟು ಮೆರೆಸಿ ಮಹಾಮಂಗಲ ಮಾಡುವುದು ಭಕ್ತರೆಲ್ಲರಿಗೂ ಪರಿಚಿತವಾದ ಸಂಪ್ರದಾಯ. ಇಲ್ಲಿ ಪುರಾಣಿಕನು ಕುಳಿತೇ ಇರುತ್ತಾನೆ. ಧ್ವನಿ, ಮುಖ, ಕೈಸನ್ನೆಗಳಿಂದ ಮಾತ್ರ ಪಾತ್ರಗಳನ್ನು ಸೂಚಿಸುತ್ತಾನೆ.

ಕೀರ್ತನಕಾರನು ಎದ್ದು ನಿಂತನು. ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಟಿಕೆ, ಹಿಂದೆ ಪೇಟಿ ತಬಲೆಗಳ ಮೇಳ. ಮುಂದೆ ನಾಲ್ಕು ಮಾರಿನ ಬಯಲು. ಮಹಾರಾಷ್ಟ್ರದ ಕೀರ್ತನಪದ್ಧತಿಯು ತಂಜಾವೂರಿನ ಮರಾಠಾ ಆಸ್ಥಾನದ ಮೂಲಕ ದಕ್ಷಿಣಕ್ಕೆ ಇಳಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಂಜಾವೂರು ಕೃಷ್ಣಭಾಗವತರು ಅದಕ್ಕೆ ಕರ್ಣಾಟಕ ಸಂಗೀತದ ಕಟ್ಟನ್ನು ಕೊಟ್ಟರು. ಆಂಧ್ರದಲ್ಲಿ ಆದಿಭಟ್ಲ ನಾರಾಯಣದಾಸರು (೧೮೬೪–೧೯೪೫) ಅದನ್ನು ಉನ್ನತಸ್ಥಿತಿಗೆ ಏರಿಸಿದರು. ಕನ್ನಡನಾಡು ಉತ್ತರದಿಂದಲೂ ದಕ್ಷಿಣದಿಂದಲೂ ಬಂದ ಈ ಎರಡು ಧಾರೆಗಳನ್ನು ಸ್ವೀಕರಿಸಿತು. ಹರಿಕಥೆಯ ಚೌಕಟ್ಟಿನಲ್ಲಿಯೇ ಶಿವಶರಣರ ಚರಿತ್ರೆಗಳನ್ನಿಟ್ಟು, ವಚನಗಳನ್ನೂ ನಿಜಗುಣ ಶಿವಯೋಗಿಗಳ ಪದಗಳನ್ನೂ ಸೇರಿಸಿ, ನಮ್ಮವರು ಶಿವಕಥೆಯನ್ನು ಬೆಳೆಸಿದರು.

ಇದರ ರಚನೆಯನ್ನು ತಿಳಿದರೆ ಪ್ರಯೋಜನವೂ ತಿಳಿಯುತ್ತದೆ. ಮೊದಲು ಪೂರ್ವರಂಗ: ಸ್ತುತಿ, ಬಳಿಕ ಒಂದು ತತ್ತ್ವದ ನಿರೂಪಣೆ. ಅನಂತರ ಉತ್ತರರಂಗ: ಆ ತತ್ತ್ವಕ್ಕೆ ನಿದರ್ಶನವಾದ ಒಂದು ಚರಿತ್ರೆ. ನಡುನಡುವೆ ಹಾಡು, ನಗೆ, ಉಪಕಥೆ, ಕೊನೆಗೆ ಮಂಗಳ. ಪೂರ್ವರಂಗವು ಬುದ್ಧಿಗೆ, ಉತ್ತರರಂಗವು ಹೃದಯಕ್ಕೆ. ಕೀರ್ತನಕಾರನು ತಲೆಯ ಮೇಲಿನ ಶಲ್ಯವನ್ನು ಹೆಗಲಿಗೆ ಎಳೆದುಕೊಂಡರೆ ಆಳು, ಸೆರಗಿನಂತೆ ಹೊದ್ದರೆ ತಾಯಿ. ಪರದೆಯಿಲ್ಲ, ಬಣ್ಣವಿಲ್ಲ, ವೆಚ್ಚವೂ ಇಲ್ಲ. ನಾಟಕದ ಕಂಪೆನಿಯೊಂದು ಹೋಗಲಾರದ ಮೂವತ್ತು ಮನೆಗಳ ಊರಿಗೂ ಕೀರ್ತನಕಾರನು ಹೋಗಬಲ್ಲನು. ಇದೇ ಈ ಕಲೆಯ ದೊಡ್ಡ ಬಲವಾಗಿದ್ದಿತು.

೫. ಲೋಕೋಪಕಾರ

ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಪ್ರಥಮಭಾಗವನ್ನು ೧೯೨೩ರಲ್ಲಿಯೂ, ಶಿವಾನುಭವ ಪತ್ರಿಕೆಯನ್ನು ೧೯೨೬ರಲ್ಲಿಯೂ ಪ್ರಕಟಪಡಿಸಿ, ತಾಳೆಯೋಲೆಗಳಲ್ಲಿ ಅಡಗಿದ್ದ ವಚನನಿಧಿಯನ್ನು ಬೆಳಕಿಗೆ ತಂದುದು ಸರ್ವವಿದಿತವಾಗಿದೆ. ಆದರೆ ೧೯೩೧ರ ಜನಗಣತಿಯ ಕಾಲದಲ್ಲಿ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಮುದ್ರಿತವಾದ ವಚನವು ಉಳಿದ ತೊಂಬತ್ತು ಮಂದಿಯನ್ನು ಮುಟ್ಟಿದ್ದು ಹೇಗೆ? ಪುರಾಣಿಕನ ಮತ್ತು ಕೀರ್ತನಕಾರನ ಬಾಯಿಂದಲೇ. ಮುದ್ರಣಾಲಯವೂ ಕೀರ್ತನವೂ ಒಂದೇ ಬಂಡಿಯ ಎರಡು ಗಾಲಿಗಳಾಗಿದ್ದುವು. ಬಿ. ಶಿವಮೂರ್ತಿಶಾಸ್ತ್ರಿಗಳು (೧೯೦೩–೧೯೭೬) ಇದಕ್ಕೆ ಉಜ್ಜ್ವಲ ನಿದರ್ಶನರು. ಅವರು ವೀರಶೈವ ಸಾಹಿತ್ಯದ ವಿದ್ವಾಂಸರು, ಪತ್ರಿಕಾಕರ್ತರು, ಕೀರ್ತನಕಾರರು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರೂ ಆದರು. ಸಭೆಯನ್ನು ಗೆಲ್ಲುವ ವಾಣಿಯೂ, ಗ್ರಂಥವನ್ನು ಶೋಧಿಸುವ ಕಣ್ಣೂ ಒಬ್ಬರಲ್ಲಿಯೇ ನೆಲಸಿದ್ದುವು.

ಸಮಾಜಸುಧಾರಣೆಗೆ ಕೀರ್ತನವು ಎಷ್ಟು ದೂರ ಸಾಧನವಾಗಬಲ್ಲುದೆಂಬುದನ್ನು ನೆರೆಯ ಮಹಾರಾಷ್ಟ್ರದ ಗಾಡಗೇ ಮಹಾರಾಜರು (೧೮೭೬–೧೯೫೬) ತೋರಿಸಿಕೊಟ್ಟರು. ಅವರು ಓದು ಬಲ್ಲವರಲ್ಲ. ಹಗಲು ಪೊರಕೆ ಹಿಡಿದು ಊರ ಬೀದಿಗಳನ್ನು ಗುಡಿಸುವರು. ರಾತ್ರಿ ಅದೇ ಜನರ ಮುಂದೆ ನಿಂತು ಕೀರ್ತನ ಮಾಡುವರು. ಸಭೆಗೆ ಪ್ರಶ್ನೆ ಹಾಕುವರು. ಉತ್ತರವನ್ನು ಜನರ ಬಾಯಿಂದಲೇ ಹೊರಡಿಸುವರು. ಪ್ರಾಣಿಬಲಿ, ಮದ್ಯಪಾನ, ಸಾಲ ಮಾಡಿ ಹಬ್ಬ ಮಾಡುವುದು, ಅಸ್ಪೃಶ್ಯತೆ ಇವು ಅವರ ಖಂಡನೆಯ ವಿಷಯಗಳು. ಬಂದ ದ್ರವ್ಯದಿಂದ ಧರ್ಮಶಾಲೆಗಳೂ ವಿದ್ಯಾರ್ಥಿಗಳ ವಸತಿಗಳೂ ಎದ್ದುವು. ಅವರು ಮಾತ್ರ ಚಿಂದಿ ಬಟ್ಟೆಯಲ್ಲಿಯೇ ಉಳಿದರು. ಪತಂಜಲಿಯು ಹೇಳಿದ ಪಕ್ಷಗ್ರಹಣವು ಇಲ್ಲಿ ಪೂರ್ಣಾರ್ಥವನ್ನು ಪಡೆಯಿತು: ಕೇಳಿದವರು ಕಂಸನನ್ನು ದ್ವೇಷಿಸಿ ಮನೆಗೆ ಹೋಗದೆ, ತಮ್ಮ ಬೀದಿಯ ಕೊಳೆಯನ್ನೂ ತಮ್ಮ ಮನಸ್ಸಿನ ಕೊಳೆಯನ್ನೂ ದ್ವೇಷಿಸುವಂತಾಯಿತು.

ನಮ್ಮ ನಾಡಿನಲ್ಲಿ ಇದಕ್ಕಿಂತಲೂ ಹೃದಯಸ್ಪರ್ಶಿಯಾದ ಕಾರ್ಯವೊಂದು ನಡೆಯಿತು. ಹಾನಗಲ್ಲ ಕುಮಾರ ಶಿವಯೋಗಿಗಳು (೧೮೬೭–೧೯೩೦) ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಮಲಪ್ರಭಾತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಹುಟ್ಟುಕುರುಡರಾದ ಒಬ್ಬ ಬಾಲಕರ ಕಂಠಮಾಧುರ್ಯವನ್ನು ಗುರುತಿಸಿ, ಅವರಿಗೆ ಹಿಂದುಸ್ಥಾನೀ ಕರ್ಣಾಟಕ ಎರಡೂ ಸಂಗೀತಗಳ ಶಿಕ್ಷಣವನ್ನು ಕೊಡಿಸಿದರು. ಅವರೇ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪). ಗುರುವಿನ ಆಜ್ಞೆಯಂತೆ ಅವರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುವ ಪಾಠಶಾಲೆಯನ್ನು ನಡೆಸಿದರು. ಕಡೆಗೆ ಅದು ಗದುಗಿನಲ್ಲಿ ನೆಲೆಗೊಂಡು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು. ಅವರ ಶಿಷ್ಯರಾದ, ಅವರಂತೆಯೇ ದೃಷ್ಟಿಹೀನರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಆಶ್ರಮವನ್ನು ಬೆಳೆಸಿದರು. ಪುರಾಣ ನಾಟಕಗಳನ್ನು ರಚಿಸಿದರು. ಅಲ್ಲಿ ಕಲಿತ ಎಷ್ಟೋ ಮಂದಿ ಗಾಯನ, ಕೀರ್ತನ, ಪುರಾಣಪ್ರವಚನಗಳನ್ನು ಜೀವನಾಧಾರವಾಗಿ ಮಾಡಿಕೊಂಡು ನಾಡಿನಾದ್ಯಂತ ಹರಡಿದರು.

ಈಗ ಕೋಡಿಯಮಠದ ಪಂಕ್ತಿಯನ್ನು ನೆನೆಯಬೇಕು. ೧೧೬೨ರಲ್ಲಿ ಕುರುಡನೂ ಕಥಕನೂ ಒಂದೇ ಸಾಲಿನಲ್ಲಿ ಕುಳಿತು ಮಠದ ಅನ್ನವನ್ನು ಉಣ್ಣುತ್ತಿದ್ದರು. ಗದುಗಿನಲ್ಲಿ ಕುರುಡನೇ ಕಥಕನಾದನು. ಯಾರ ಕೈಯಲ್ಲಿ ಭಿಕ್ಷಾಪಾತ್ರೆಯನ್ನಿಡಲು ಲೋಕವು ಸಿದ್ಧವಾಗಿದ್ದಿತೋ ಅವರ ಕೈಯಲ್ಲಿ ಗುರುವು ತಂಬೂರಿಯನ್ನಿಟ್ಟನು. ಗ್ರಂಥವನ್ನು ಕಣ್ಣಿನಿಂದ ಓದಲಾರದವನು ಅದನ್ನು ಕಂಠಸ್ಥಮಾಡಿ, ಕಣ್ಣಿದ್ದೂ ಓದಲಾರದ ಸಹಸ್ರಾರು ಜನರಿಗೆ ಅರ್ಥ ಹೇಳಿದನು. ಇದಕ್ಕಿಂತ ಹೆಚ್ಚಿನ ಲೋಕೋಪಕಾರವನ್ನು ಒಂದು ಕಲೆಯಿಂದ ನಿರೀಕ್ಷಿಸಲಾಗದು.

೬. ಇಂದಿನ ಸ್ಥಿತಿಯೂ ವಿಜ್ಞಾಪನೆಯೂ

ಕಾಲವು ಬದಲಾಗಿದೆ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದ ಒಬ್ಬನ ಧ್ವನಿಯು ಏಕಕಾಲದಲ್ಲಿ ಹಲವು ಊರುಗಳಿಗೆ ಕೇಳಿಸತೊಡಗಿತು. ಇಂದು ಅಂಗೈಯಲ್ಲಿನ ಯಂತ್ರದಲ್ಲಿ ಬೇಕಾದ ಪ್ರವಚನವು ಬೇಕಾದ ಹೊತ್ತಿಗೆ ದೊರೆಯುತ್ತದೆ. ಅತ್ತ ಪಟ್ಟಣದ ರಂಗಮಂದಿರಗಳಲ್ಲಿ ಏಕವ್ಯಕ್ತಿ ಪ್ರಯೋಗಗಳು ಮಾನ್ಯತೆಯನ್ನು ಗಳಿಸಿವೆ. ನಾಟಕಕಾರ ಕೈಲಾಸಂ ಅವರ ವ್ಯಕ್ತಿತ್ವವನ್ನೇ ವಸ್ತುವಾಗಿಸಿದ 'ಟಿಪಿಕಲ್ ಟಿ. ಪಿ. ಕೈಲಾಸಂ' ಎಂಬ ಪ್ರಯೋಗದಲ್ಲಿ ಸಿ. ಆರ್. ಸಿಂಹ (೧೯೪೨–೨೦೧೪) ಅವರು ಒಬ್ಬರೇ ನಿಂತು ಪ್ರೇಕ್ಷಕರನ್ನು ಹಿಡಿದಿಟ್ಟುದು ಪ್ರಸಿದ್ಧವಾಗಿದೆ. ಮಠಗಳೂ ರಂಗಕಲೆಯನ್ನು ಮರೆತಿಲ್ಲ. ಸಾಣೇಹಳ್ಳಿಯ ಶ್ರೀಮಠವು ೧೯೯೭ರಲ್ಲಿ ಶಿವಸಂಚಾರವೆಂಬ ತಿರುಗಾಟದ ನಾಟಕತಂಡವನ್ನು ಆರಂಭಿಸಿ ಶರಣರ ವಿಚಾರಗಳನ್ನು ಊರೂರಿಗೆ ಒಯ್ದಿತು.

ಹೀಗಿದ್ದರೂ ಶಿವಕಥಾಕೀರ್ತನಕಾರನ ಸ್ಥಿತಿಯು ಸಂತೋಷಕರವಾಗಿಲ್ಲ. ಅನೇಕ ಉತ್ಸವಗಳಲ್ಲಿ ಭಾಷಣಗಳೆಲ್ಲ ಮುಗಿದು, ಸನ್ಮಾನಗಳೆಲ್ಲ ಮುಗಿದು, ಜನರು ಪ್ರಸಾದಕ್ಕೆ ಏಳುವ ಹೊತ್ತಿಗೆ ಅವನಿಗೆ ಅರ್ಧ ಗಳಿಗೆಯನ್ನು ಕೊಡುತ್ತಾರೆ. ಪೂರ್ವರಂಗಕ್ಕೇ ಸಾಲದ ಆ ಕಾಲದಲ್ಲಿ ಅವನು ಎರಡು ಹಾಡನ್ನೂ ನಾಲ್ಕು ನಗೆಮಾತನ್ನೂ ಹೇಳಿ ಇಳಿಯುತ್ತಾನೆ. ಇಂತಹ ವೃತ್ತಿಗೆ ತನ್ನ ಮಗನನ್ನಾಗಲಿ ಶಿಷ್ಯನನ್ನಾಗಲಿ ಅವನು ತರುವುದಾದರೂ ಹೇಗೆ? ನಾವು ಅರಿಯದೆಯೇ ಕಥಕನನ್ನು ಮತ್ತೆ ಕೋಡಿಯಮಠದ ಪಂಕ್ತಿಗೆ ಕಳುಹಿಸುತ್ತಿದ್ದೇವೆ. ಆ ಮಠದವರು ಅವನಿಗೆ ಅನ್ನವನ್ನಾದರೂ ನಿತ್ಯವಾಗಿ ಇಕ್ಕುತ್ತಿದ್ದರು.

ಯಂತ್ರದ ಧ್ವನಿಯು ಇರುವಾಗ ಇವನೇಕೆ ಬೇಕೆಂದು ಕೆಲವರು ಕೇಳಬಹುದು. ಯಂತ್ರವು ಹೇಳಬಲ್ಲುದು, ಕೇಳಲಾರದು. ಕೀರ್ತನಕಾರನು ಎದುರು ಕುಳಿತ ಮುದುಕಿಯ ಕಣ್ಣು ಒದ್ದೆಯಾದುದನ್ನು ನೋಡಿ ಪದವನ್ನು ಇನ್ನೊಮ್ಮೆ ಹಾಡುತ್ತಾನೆ. ಹಿಂದಿನ ಸಾಲಿನ ಹುಡುಗರು ಗದ್ದಲವೆಬ್ಬಿಸಿದರೆ ಅವರನ್ನೇ ಕಥೆಯೊಳಗೆ ಎಳೆದುಕೊಳ್ಳುತ್ತಾನೆ. ಆ ಊರಿನಲ್ಲಿ ಆ ವರ್ಷ ಮಳೆ ಬಂದಿತೇ, ಕಲಹವಾಯಿತೇ ಎಂಬುದನ್ನು ಅರಿತು ದೃಷ್ಟಾಂತವನ್ನು ಆರಿಸುತ್ತಾನೆ. ಎದುರಿನವರ ಮುಖದ ಬಣ್ಣ ಬದಲಾಗುವುದನ್ನು ಕಾಣುವ ಕಣ್ಣು ಅವನಿಗುಂಟು.

ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ಶ್ರೀಮಠದ ಪಾದಕ್ಕೂ ಸದ್ಭಕ್ತರಿಗೂ ಮೂರು ವಿಜ್ಞಾಪನೆಗಳನ್ನು ಸಲ್ಲಿಸುತ್ತೇನೆ. ಪಾಠಶಾಲೆಯಲ್ಲಿ ಸಂಸ್ಕೃತ ಕನ್ನಡಗಳ ಜೊತೆಗೆ ಕೀರ್ತನಾಭ್ಯಾಸಕ್ಕೂ ಸ್ಥಾನವಿರಲಿ. ವರ್ಷಕ್ಕೆ ಇಬ್ಬರು ಸಿದ್ಧರಾದರೂ ಸಾಕು, ಅವರಲ್ಲಿ ಒಬ್ಬಳು ಹೆಣ್ಣುಮಗಳಾದರೆ ಅಕ್ಕಮಹಾದೇವಿಯ ಚರಿತ್ರೆಗೆ ತಕ್ಕ ಕಂಠವು ದೊರೆತಂತಾಗುವುದು. ತಿಂಗಳಿಗೊಂದು ರಾತ್ರಿಯಾದರೂ, ಬೇರಾವ ಕಾರ್ಯಕ್ರಮವೂ ಇಲ್ಲದೆ, ಪೂರ್ಣವಾದ ಶಿವಕೀರ್ತನವು ಅಂಗಳದಲ್ಲಿ ನಡೆಯಲಿ. ಕೀರ್ತನಕಾರನಿಗೆ ಸಲ್ಲತಕ್ಕ ಕಾಣಿಕೆಯನ್ನು ಮೊದಲೇ ನಿಶ್ಚಯಿಸಿ, ಕಾಯಕಕ್ಕೆ ಸಲ್ಲುವ ಗೌರವದಿಂದ, ಸಭೆಯ ನಡುವೆ ಆಸನವಿಟ್ಟು ಸಲ್ಲಿಸಲಿ. ಆ ಕಾಣಿಕೆಯಲ್ಲಿ ಒಂದು ಪಾಲನ್ನು ಅವನು ಮರಳಿ ದಾಸೋಹಕ್ಕೆ ಅರ್ಪಿಸಿದನೆಂದರೆ, ಬಹುರೂಪಿ ಚೌಡಯ್ಯನವರ ಕಾಯಕವು ಈ ಅಂಗಳದಲ್ಲಿ ಮತ್ತೆ ನಡೆದಂತಾಗುವುದು.

ಶಿವಂ ಭೂಯಾತ್.